ಅಗ್ಗದ ಪೆಡಲಿನ ವಂಶಾವಳಿ

ನಮ್ಮ ಸದಸ್ಯರ ಮನೆಗಳಲ್ಲಿ ವೀಣೆ, ಪಿಟೀಲು, ಮೃದಂಗಗಳ ಪಕ್ಕದಲ್ಲಿ ಎಲೆಕ್ಟ್ರಿಕ್ ಗಿಟಾರೂ ಒಂದು ಮೂಲೆಯನ್ನು ಹಿಡಿದು ಈಗ ಬಹಳ ಕಾಲವಾಗಿದೆ. ಗಿಟಾರು ಮನೆಗೆ ಬಂದ ಕೆಲವೇ ತಿಂಗಳುಗಳಲ್ಲಿ ಮಕ್ಕಳ ಎರಡನೆಯ ಬೇಡಿಕೆಯೂ ಬರುತ್ತದೆ: ಪೆಡಲ್ ಬೇಕು. ಗಿಟಾರಿಗೂ ಧ್ವನಿವರ್ಧಕಕ್ಕೂ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಅಂಗೈಯಗಲದ ಪೆಟ್ಟಿಗೆ ಅದು. ಒಂದು ಪೆಟ್ಟಿಗೆ ತಂತಿಯ ನಾದವನ್ನು ಒರಟುಗೊಳಿಸುತ್ತದೆ, ಇನ್ನೊಂದು ಪ್ರತಿಧ್ವನಿಯನ್ನು ಕೂಡಿಸುತ್ತದೆ, ಮತ್ತೊಂದು ನಾದವನ್ನು ನೀರಿನ ಅಲೆಯಂತೆ ತೂಗಾಡಿಸುತ್ತದೆ. ಒಂದೇ ಕೆಲಸವನ್ನು ಮಾಡುವ ಪೆಟ್ಟಿಗೆ 30 ಡಾಲರಿಗೂ ಸಿಗುತ್ತದೆ, 300 ಡಾಲರಿಗೂ ಸಿಗುತ್ತದೆ. ಇಲ್ಲಿಂದಲೇ ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ.

ನಮ್ಮ ಪೀಳಿಗೆಯ ಹೆತ್ತವರಿಗೆ ಇದರಲ್ಲಿ ಎರಡು ಅನುಮಾನಗಳಿವೆ. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ಕೊಂಡರಂತೆ ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ಆದ್ದರಿಂದ, ಅಗ್ಗದ ವಸ್ತು ಬಾಳಿಕೆ ಬರುವುದೇ ಎಂಬುದು ಮೊದಲನೆಯದು. ಕೈಬೆರಳಿನ ಸಾಧನೆಯಿಂದ ಬರಬೇಕಾದ ನಾದವನ್ನು ಪೆಟ್ಟಿಗೆಯಿಂದ ಕೊಳ್ಳುವುದು ಸಂಗೀತವೇ ಎಂಬುದು ಎರಡನೆಯದು. ಎರಡಕ್ಕೂ ಉತ್ತರವನ್ನು ಇತಿಹಾಸದಲ್ಲಿ ಹುಡುಕಬಹುದು. ಅದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ, ಏಕೆಂದರೆ ಈ ಪೆಟ್ಟಿಗೆಯ ಕಥೆಯ ಬಹುಭಾಗ ನಡೆದದ್ದು ನಾವು ದಿನವೂ ದಾಟುವ ಹಡ್ಸನ್ ನದಿಯ ಎರಡು ದಡಗಳಲ್ಲಿಯೇ.

ಹತ್ತಿಯ ಎಳೆ, ಏಳು ತಂತಿಗಳು

ಎರಡನೆಯ ಅನುಮಾನವನ್ನು ಮೊದಲು ನೋಡೋಣ. ನಾದವನ್ನು ಉಪಕರಣದಿಂದ ತಿದ್ದುವುದು ಪಶ್ಚಿಮದ ಹೊಸ ಚಟವಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಹತ್ತಿಯ ಎಳೆಯನ್ನು ನೆನೆಯಿರಿ. ಅದನ್ನು ಜೀವಾಳಿ ಎನ್ನುತ್ತೇವೆ. ಎಳೆ ಇಲ್ಲದಿದ್ದರೆ ತಂತಿ ಒಂದು ಸಾಧಾರಣ ಸ್ವರವನ್ನು ನುಡಿದು ಸುಮ್ಮನಾಗುತ್ತದೆ. ಎಳೆಯನ್ನು ಸರಿಯಾದ ಜಾಗಕ್ಕೆ ಸರಿಸಿದೊಡನೆ ತಂತಿ ಕುದುರೆಯ ಬಾಗಿದ ಮೈಯನ್ನು ಮತ್ತೆ ಮತ್ತೆ ಸವರಿ, ಒಂದು ಸ್ವರದೊಳಗಿಂದ ಅನೇಕ ಅನುಸ್ವರಗಳು ಝೇಂಕರಿಸುತ್ತವೆ. ಆ ಎಳೆಗೆ ಬೆಲೆಯೇ ಇಲ್ಲ. ಹಳೆಯ ಪಂಚೆಯ ಅಂಚಿನಿಂದಲೂ ಕೀಳಬಹುದು. ಆದರೆ ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಜೀವ ಬರಿಸಲು ಕಿವಿ ಬೇಕು, ಆ ಕಿವಿಗೆ ವರ್ಷಗಳು ಬೇಕು. ಗಿಟಾರಿನ ಫಜ್ ಪೆಡಲ್ ವಿದ್ಯುತ್ತಿನ ಮೂಲಕ ಮಾಡುವ ಕೆಲಸ ಇದಕ್ಕೆ ದೂರದ ಸಂಬಂಧಿ. ಅದು ಧ್ವನಿಯಲೆಯ ತುದಿಗಳನ್ನು ಕತ್ತರಿಸುತ್ತದೆ. ಹಾಗೆ ಕತ್ತರಿಸಿದಾಗ ಮೂಲಸ್ವರದಲ್ಲಿ ಇಲ್ಲದಿದ್ದ ಅನುಸ್ವರಗಳು ಹುಟ್ಟುತ್ತವೆ.

ಮೈಸೂರಿನ ಪಿಟೀಲು ಚೌಡಯ್ಯನವರದು ಇನ್ನೊಂದು ನಿದರ್ಶನ. 1895ರಲ್ಲಿ ಹುಟ್ಟಿ ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತ ಚೌಡಯ್ಯನವರು, ಮೈಕು ಇಲ್ಲದ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲುಗಳಿಗೆ ತಲುಪದಿರುವುದನ್ನು ಕಂಡು, ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. ಅವರ ಮುಂದಿದ್ದದ್ದು ದನಿಯನ್ನು ಹಿಗ್ಗಿಸುವ ಪ್ರಶ್ನೆ. ವಾದ್ಯವನ್ನು ಬದಲಿಸಿದ್ದಕ್ಕೆ ಆಕ್ಷೇಪಿಸಿದವರಿದ್ದರು. ಕೊನೆಗೆ ಉಳಿದದ್ದು ಅವರ ಸಂಗೀತ. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದರು.

ಆಕ್ಷೇಪಗಳು ಮುಂದೆಯೂ ನಿಲ್ಲಲಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಮ್ಮನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತ್ತು. 1970ರ ದಶಕದ ಕೊನೆಯಲ್ಲಿ ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆಯ ಮೂಲಕ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಹೊರತಂದಾಗಲೂ, ಜೀವವಿರುವ ತಂಬೂರಿಗೆ ಯಂತ್ರ ಬದಲಿಯೇ ಎಂದು ಕೇಳಿದವರು ಬಹಳ ಮಂದಿ. ಇಂದು ನಮ್ಮ ಬೇಸ್‌ಮೆಂಟುಗಳಲ್ಲಿ ನಡೆಯುವ ಸಂಗೀತ ಪಾಠಗಳಲ್ಲಿ ಶ್ರುತಿ ಬರುವುದು ಅಂಥ ಪೆಟ್ಟಿಗೆಯಿಂದ, ಇಲ್ಲವೇ ಫೋನಿನಿಂದ. ತಂಬೂರಿಯನ್ನು ಹಡಗಿನಲ್ಲಿ ತರಿಸಲಾರದ ನೂರಾರು ಮನೆಗಳಲ್ಲಿ ಮಕ್ಕಳು ಶ್ರುತಿಶುದ್ಧವಾಗಿ ಹಾಡಲು ಕಲಿತದ್ದು ಅಗ್ಗದ ಯಂತ್ರದ ಬಲದಿಂದಲೇ. ಈ ಅನುಭವವಿರುವ ನಾವು ಪೆಡಲನ್ನು ಕಂಡು ಹುಬ್ಬು ಗಂಟಿಕ್ಕುವುದು ನ್ಯಾಯವಲ್ಲ.

ಮರ್ರೇ ಹಿಲ್‌ನಿಂದ 48ನೇ ಬೀದಿಗೆ

ಈಗ ನದಿಯ ದಡಕ್ಕೆ ಬರೋಣ. 1947ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಮರ್ರೇ ಹಿಲ್‌ನ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಜನಿಸಿತು. ಅದಕ್ಕಾಗಿ ಬಾರ್ಡೀನ್, ಬ್ರಾಟನ್, ಶಾಕ್ಲಿ ಎಂಬ ಮೂವರು 1956ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಬಿಡಿಯಾಗಿ ಸಾಮಾನ್ಯರ ಕೈಗೆ ಸಿಕ್ಕ ಮೊದಮೊದಲ ಟ್ರಾನ್ಸಿಸ್ಟರುಗಳಲ್ಲಿ ಒಂದಾದ ರೇಥಿಯಾನ್ ಕಂಪನಿಯ ಸಿಕೆ722ಕ್ಕೆ 1953ರಲ್ಲಿ 7 ಡಾಲರಿಗೂ ಹೆಚ್ಚಿನ ಬೆಲೆಯಿತ್ತು. ಕೆಲವೇ ವರ್ಷಗಳಲ್ಲಿ ಅದು ಒಂದು ಡಾಲರಿನ ಒಳಕ್ಕೆ ಇಳಿಯಿತು. ಪೆಡಲ್ ಹುಟ್ಟಲು ಈ ಇಳಿಕೆಯೇ ಕಾರಣ. ನಿರ್ವಾತ ಕೊಳವೆಗಳ ಕಾಲದಲ್ಲಿ ಇಂಥ ಪೆಟ್ಟಿಗೆಯನ್ನು ಕಾಲಡಿಗೆ ಇಡುವಷ್ಟು ಚಿಕ್ಕದಾಗಿ, ಬ್ಯಾಟರಿಯಿಂದ ನಡೆಯುವಂತೆ ಮಾಡುವುದು ಕಷ್ಟವಾಗಿತ್ತು.

ಅಂಗಡಿಗೆ ಬಂದ ಮೊದಲ ಟ್ರಾನ್ಸಿಸ್ಟರ್ ಫಜ್ ಪೆಡಲ್ 1962ರ ಮೇಸ್ಟ್ರೋ ಫಜ್-ಟೋನ್. ಅದರ ಮೂಲ ಒಂದು ದೋಷ. ನ್ಯಾಶ್‌ವಿಲ್‌ನ ಸ್ಟುಡಿಯೋ ಒಂದರಲ್ಲಿ ಯಂತ್ರ ಕೆಟ್ಟು, ಬೇಸ್ ಗಿಟಾರು ಗೊಗ್ಗರು ದನಿಯಲ್ಲಿ ಮುದ್ರಣವಾಯಿತು. ಆ ದನಿಯನ್ನೇ ಬೇಕೆಂದು ಕೇಳುವವರು ಬಂದಾಗ, ಸ್ಟುಡಿಯೋದ ಇಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಟ್ರಾನ್ಸಿಸ್ಟರುಗಳಿಂದ ಮರುಸೃಷ್ಟಿಸಿದರು, ಗಿಬ್ಸನ್ ಕಂಪನಿ ಮಾರಿತು. ಬೆಲೆ 40 ಡಾಲರ್, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 400 ಡಾಲರ್. ಮೊದಲ ವರ್ಷ ಅಂಗಡಿಯವರು ಉತ್ಸಾಹದಿಂದ ತರಿಸಿಕೊಂಡರು. ಮುಂದಿನ ಎರಡು ವರ್ಷ ಅವು ಕಪಾಟುಗಳಲ್ಲಿ ಧೂಳು ಹಿಡಿದವು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತನ್ನ ಸ್ಯಾಟಿಸ್‌ಫ್ಯಾಕ್ಷನ್ ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಒಂದೂ ಉಳಿಯದಂತೆ ಮಾರಿಹೋದವು. ಮೂರು ವರ್ಷಗಳಲ್ಲಿ ಪೆಟ್ಟಿಗೆ ಬದಲಾಗಿರಲಿಲ್ಲ. ಅದರಿಂದ ಏನು ನುಡಿಸಬಹುದೆಂದು ಒಬ್ಬರು ತೋರಿಸಿದ್ದರು, ಅಷ್ಟೇ.

ಆ ಹಾಡಿನ ಅಲೆಯ ಮೇಲೆ ಬಂದವರು ಬ್ರಾಂಕ್ಸ್‌ನಲ್ಲಿ ಹುಟ್ಟಿದ ಮೈಕ್ ಮ್ಯಾಥ್ಯೂಸ್. ಕಾರ್ನೆಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಐಬಿಎಂ ಕಂಪನಿಯಲ್ಲಿ ಮಾರಾಟದ ಕೆಲಸದಲ್ಲಿದ್ದ ಅವರು, 48ನೇ ಬೀದಿಯ ಒಬ್ಬ ರಿಪೇರಿಗಾರರೊಡನೆ ಸೇರಿ ಫಜ್ ಪೆಡಲುಗಳನ್ನು ತಯಾರಿಸಿ, ಆಗ ಹೊಬೋಕನ್‌ನಿಂದ ಬೆಳೆದು ಬಂದಿದ್ದ ಗಿಲ್ಡ್ ಗಿಟಾರ್ ಕಂಪನಿಗೆ ಕೊಡತೊಡಗಿದರು. 1968ರಲ್ಲಿ ಒಂದು ಸಾವಿರ ಡಾಲರ್ ಬಂಡವಾಳದಿಂದ ಮ್ಯಾನ್‌ಹಟನ್ನಿನಲ್ಲಿ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯನ್ನು ಆರಂಭಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ.

ಅವರಿಗೆ ವಿನ್ಯಾಸಗಳನ್ನು ಮಾಡಿಕೊಟ್ಟ ಬಾಬ್ ಮೈಯರ್ ನದಿಯಾಚೆಯ ಬೆಲ್ ಪ್ರಯೋಗಾಲಯದ ಇಂಜಿನಿಯರ್. ಒಮ್ಮೆ ಮ್ಯಾಥ್ಯೂಸ್ ಹೊಸದೊಂದು ಪೆಟ್ಟಿಗೆಯ ಮಾದರಿಯನ್ನು ನೋಡಲು ಹೋದಾಗ, ಅದರ ಮುಂದೆ ಜೋಡಿಸಿದ್ದ ಇನ್ನೊಂದು ಪುಟ್ಟ ಪೆಟ್ಟಿಗೆ ಅವರ ಕಣ್ಣಿಗೆ ಬಿತ್ತು. ಗಿಟಾರಿನ ದನಿ ಸಾಲದೆಂದು ಹಿಗ್ಗಿಸಲು ಮೈಯರ್ ಹಾಕಿದ್ದ ಒಂದೇ ಟ್ರಾನ್ಸಿಸ್ಟರಿನ ಮಂಡಲ ಅದು. ಮುಖ್ಯ ಯಂತ್ರವನ್ನು ಬದಿಗಿಟ್ಟು ಆ ಪುಟ್ಟದ್ದನ್ನೇ ಮ್ಯಾಥ್ಯೂಸ್ ಎಲ್‌ಪಿಬಿ-1 ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಒಂದು ಟ್ರಾನ್ಸಿಸ್ಟರು, ಬೆರಳೆಣಿಕೆಯ ಬಿಡಿಭಾಗಗಳು, ಒಂದು ಗುಂಡಿ. ಧ್ವನಿವರ್ಧಕವನ್ನು ಅದರ ಮಿತಿಯಾಚೆಗೆ ತಳ್ಳುವ ರೂಢಿ ಈ ಪೆಟ್ಟಿಗೆಯಿಂದ ವ್ಯಾಪಕವಾಯಿತು. ಮರುವರ್ಷವೇ ನಾಲ್ಕು ಟ್ರಾನ್ಸಿಸ್ಟರುಗಳ ಬಿಗ್ ಮಫ್ ಬಂದಿತು. ಮುಂದೆ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಅಂಥವರು ಅದನ್ನು ಬಳಸಿದರು. ಇಂದು ಐತಿಹಾಸಿಕ ವಸ್ತುಗಳಂತೆ ದುಬಾರಿ ಬೆಲೆಗೆ ಹರಾಜಾಗುವ ಈ ಪೆಟ್ಟಿಗೆಗಳು ತಮ್ಮ ಕಾಲದಲ್ಲಿ ಹುಡುಗರು ಕೊಳ್ಳಬಲ್ಲ ಸರಕುಗಳಾಗಿದ್ದವು ಎಂಬುದನ್ನು ಮರೆಯಬಾರದು.

ಇವನ್ನು ಮಾರುತ್ತಿದ್ದ ಬೀದಿಯೂ ನಮ್ಮದೇ. ಆರನೆಯ ಮತ್ತು ಏಳನೆಯ ಅವೆನ್ಯೂಗಳ ನಡುವಿನ 48ನೇ ಬೀದಿಗೆ ಸಂಗೀತದ ಸಾಲು ಎಂದೇ ಹೆಸರಿತ್ತು. 1935ರಲ್ಲಿ ಆರಂಭವಾದ ಮ್ಯಾನೀಸ್ ಅಂಗಡಿ 2009ರಲ್ಲಿ ಬಾಗಿಲು ಮುಚ್ಚಿತು. 1924ರಲ್ಲಿ ಬ್ರೂಕ್ಲಿನ್ನಿನಲ್ಲಿ ಸ್ಯಾಮ್ ಮತ್ತು ರೋಸ್ ಆಶ್ ದಂಪತಿ ತೆರೆದ ಅಂಗಡಿ ದೇಶದಾದ್ಯಂತ ಹರಡಿ, ಎಡಿಸನ್, ಪರಾಮಸ್‌ಗಳಲ್ಲಿಯೂ ನಮ್ಮ ಮಕ್ಕಳಿಗೆ ಮೊದಲ ಗಿಟಾರನ್ನು ಮುಟ್ಟಿಸಿ, ಸರಿಯಾಗಿ ನೂರು ವರ್ಷಗಳ ನಂತರ 2024ರಲ್ಲಿ ತನ್ನ ಮಳಿಗೆಗಳನ್ನೆಲ್ಲ ಮುಚ್ಚಿತು. ಕೊಳ್ಳುವ ಮೊದಲು ನುಡಿಸಿ ನೋಡುವ, ಅನುಭವಿ ಮಾರಾಟಗಾರನನ್ನು ಕೇಳುವ ಅವಕಾಶ ಹೀಗೆ ಕಡಿಮೆಯಾದದ್ದರಿಂದಲೇ ಅಗ್ಗದ ಪೆಡಲಿನ ಪ್ರಶ್ನೆ ಇಂದು ಹೆಚ್ಚು ಕಠಿಣವಾಗಿದೆ.

ನೆಪ್ಚೂನಿನ ಸಿತಾರ್

ನ್ಯೂಜೆರ್ಸಿಯ ದಡದಲ್ಲಿ ಅಗ್ಗವನ್ನೇ ಧ್ಯೇಯವಾಗಿಟ್ಟುಕೊಂಡವರು ಇನ್ನೊಬ್ಬರಿದ್ದರು, ನೇಥನ್ ಡೇನಿಯಲ್. 1947ರಲ್ಲಿ ರೆಡ್ ಬ್ಯಾಂಕಿನಲ್ಲಿ ಆರಂಭವಾಗಿ ಮುಂದೆ ನೆಪ್ಚೂನಿಗೆ ಸ್ಥಳಾಂತರಗೊಂಡ ಅವರ ಡ್ಯಾನೆಲೆಕ್ಟ್ರೋ ಕಂಪನಿ, ಮರದ ಚೌಕಟ್ಟಿಗೆ ಮೇಸನೈಟ್ ಹಲಗೆಯನ್ನು ಹೊದಿಸಿ ಗಿಟಾರುಗಳನ್ನು ಮಾಡುತ್ತಿತ್ತು. ತುಟಿಬಣ್ಣದ ಡಬ್ಬಿಯ ಕೊಳವೆಗಳು ಅದರ ಪಿಕಪ್ಪುಗಳಿಗೆ ಕವಚವಾದವು. 1962ರಲ್ಲಿ ಸಿಯರ್ಸ್ ಕ್ಯಾಟಲಾಗಿನ ಮೂಲಕ ಮಾರಾಟವಾದ ಅದರ ಒಂದು ಮಾದರಿಯಲ್ಲಿ, ಗಿಟಾರನ್ನು ಇಡುವ ಪೆಟ್ಟಿಗೆಯೊಳಗೇ ಧ್ವನಿವರ್ಧಕವಿತ್ತು. ಎಲ್ಲಕ್ಕೂ ಸೇರಿ 70 ಡಾಲರಿನ ಒಳಗೆ. ಸಾಧಾರಣ ಮನೆಗಳ ಮಕ್ಕಳು ಅದರಲ್ಲಿ ಕಲಿತರು. ಅಗ್ಗದ ಸಾಮಗ್ರಿಯಾದರೂ ಅದರ ನಾದಕ್ಕೆ ತನ್ನದೇ ಗುಣವಿತ್ತು. ಆದ್ದರಿಂದಲೇ ಬೇಕಾದುದನ್ನು ಕೊಳ್ಳಬಲ್ಲವರಾದ ಮೇಲೂ ಲೆಡ್ ಝೆಪೆಲಿನ್ ತಂಡದ ಜಿಮ್ಮಿ ಪೇಜ್ ಡ್ಯಾನೆಲೆಕ್ಟ್ರೋ ಗಿಟಾರನ್ನು ವೇದಿಕೆಯ ಮೇಲೆ ನುಡಿಸುತ್ತಿದ್ದರು.

ಇದೇ ನೆಪ್ಚೂನಿನ ಕಾರ್ಖಾನೆಯಿಂದ 1967ರ ಸುಮಾರಿಗೆ ಹೊರಬಂದದ್ದು ಕೋರಲ್ ಎಲೆಕ್ಟ್ರಿಕ್ ಸಿತಾರ್. ನ್ಯೂಯಾರ್ಕಿನ ಗಿಟಾರ್ ವಾದಕ ವಿನ್ಸೆಂಟ್ ಬೆಲ್ ಅವರ ಕಲ್ಪನೆಯ ಈ ವಾದ್ಯದಲ್ಲಿ, ತಂತಿ ಸವರಿಕೊಂಡು ಝೇಂಕರಿಸುವಂಥ ಚಪ್ಪಟೆ ಕುದುರೆಯನ್ನೂ, ಅನುರಣನಕ್ಕಾಗಿ ಹದಿಮೂರು ಬಿಡಿ ತಂತಿಗಳನ್ನೂ ಅಳವಡಿಸಿದ್ದರು. ನಿಜವಾದ ಸಿತಾರಿನ ಮುಂದೆ ಅದು ನಿಲ್ಲುವುದಿಲ್ಲ. ಆದರೂ ಸ್ಟೀವಿ ವಂಡರ್ ಅವರ 1970ರ ಪ್ರಸಿದ್ಧ ಹಾಡೊಂದರ ಆರಂಭದಲ್ಲಿ ಕೇಳಿಬರುವುದು ಎಲೆಕ್ಟ್ರಿಕ್ ಸಿತಾರಿನ ದನಿಯೇ. ನಮ್ಮ ತಂಬೂರಿಯ ಎಳೆ ಮಾಡುತ್ತಿದ್ದ ಕೆಲಸವನ್ನು ಜೆರ್ಸಿಯ ಸಮುದ್ರತೀರದ ಕಾರ್ಖಾನೆಯೊಂದು ಅಗ್ಗದಲ್ಲಿ ಅನುಕರಿಸಲು ಹೊರಟಿತ್ತು. ಸಿತಾರಿನ ಸ್ಥಾನವನ್ನು ತುಂಬಲಾರದ ಆ ಅನುಕರಣೆ ತನ್ನದೇ ಒಂದು ನಾದವಾಗಿ ನಿಂತಿತು.

ಬೆಲೆ ತೆತ್ತವರು

ಇತಿಹಾಸದ ಇನ್ನೊಂದು ಮುಖವನ್ನೂ ನೋಡಬೇಕು. 1966ರಲ್ಲಿ ದೊಡ್ಡ ಕಂಪನಿಯೊಂದಕ್ಕೆ ಮಾರಾಟವಾದ ಡ್ಯಾನೆಲೆಕ್ಟ್ರೋ 1969ರಲ್ಲಿ ಮುಚ್ಚಿತು. 1970ರ ದಶಕದಲ್ಲಿ ಮ್ಯಾನ್‌ಹಟನ್ನಿನ 23ನೇ ಬೀದಿಯಲ್ಲಿ ಭರಾಟೆಯಿಂದ ನಡೆದ ಎಲೆಕ್ಟ್ರೋ-ಹಾರ್ಮೋನಿಕ್ಸ್, 1981ರಲ್ಲಿ ಕಾರ್ಮಿಕ ಸಂಘಟನೆಯ ಸುತ್ತ ಎದ್ದ ಸಂಘರ್ಷದಿಂದ ತತ್ತರಿಸಿ, 1982ರಲ್ಲಿ ದಿವಾಳಿ ನ್ಯಾಯಾಲಯದ ಮೊರೆಹೊಕ್ಕು, 1984ರ ಹೊತ್ತಿಗೆ ನಿಂತುಹೋಯಿತು. ಮ್ಯಾಥ್ಯೂಸ್ ಆಮೇಲೆ ರಷ್ಯಾದಿಂದ ನಿರ್ವಾತ ಕೊಳವೆಗಳನ್ನು ತರಿಸಿ ಮಾರುತ್ತ, ಅಲ್ಲಿಯೇ ಪೆಡಲುಗಳನ್ನೂ ಮಾಡಿಸಿ, 1990ರ ದಶಕದಲ್ಲಿ ಹಳೆಯ ಹೆಸರಿನಿಂದ ಮತ್ತೆ ಎದ್ದು ನಿಂತರು. ಇಂದು ಕಂಪನಿ ಕ್ವೀನ್ಸ್‌ನ ಲಾಂಗ್ ಐಲೆಂಡ್ ಸಿಟಿಯಲ್ಲಿದೆ. ಒಂದು ವಸ್ತು ಅಗ್ಗವಾಗಿ ಕೈಸೇರಿದಾಗ ಅದರ ಉಳಿದ ಬೆಲೆಯನ್ನು ಯಾರೋ ಎಲ್ಲೋ ತೆರುತ್ತಿರಬಹುದು ಎಂಬುದನ್ನು ವಲಸೆ ಬಂದು ದುಡಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅನುಕರಣೆಯ ಪ್ರಶ್ನೆಯೂ ಹಳೆಯದೇ. 2005ರಲ್ಲಿ ಬಾಸ್ ಪೆಡಲುಗಳ ಒಡೆಯ ರೋಲಂಡ್ ಕಂಪನಿ, ತನ್ನ ಪೆಡಲುಗಳ ಬಣ್ಣ ಮತ್ತು ಆಕಾರಗಳನ್ನು ಹೋಲುವ ಅಗ್ಗದ ಪೆಡಲುಗಳನ್ನು ತಂದಿದ್ದಕ್ಕಾಗಿ ಬೆಹ್ರಿಂಜರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಮುಂದಿನ ವರ್ಷ ಅದು ರಾಜಿಯಲ್ಲಿ ಮುಗಿದು, ಬೆಹ್ರಿಂಜರ್ ಪೆಡಲುಗಳ ಹೊರನೋಟ ಬದಲಾಯಿತು. ವಿವಾದವಿದ್ದದ್ದು ಹೊರಮೈಯ ಕುರಿತು. ಒಳಗಿನ ಹಳೆಯ ಮಂಡಲಗಳು ಪೇಟೆಂಟಿನ ಅವಧಿಯನ್ನು ದಾಟಿ ಬಹುಮಟ್ಟಿಗೆ ಸಾರ್ವಜನಿಕ ವಿದ್ಯೆಯಾಗಿವೆ.

ಇಂದಿನ ಅಗ್ಗ ಎಂದರೇನು

30 ಡಾಲರಿನ ಪೆಡಲ್ ಅಷ್ಟು ಅಗ್ಗವಾಗಲು ಕಾರಣಗಳು ಸರಳ. 1970ರ ದಶಕದ ಕೊನೆಗೆ ಬಂದ ಟ್ಯೂಬ್ ಸ್ಕ್ರೀಮರ್ ಪೆಡಲಿನ ಹೃದಯವಾದ 4558 ಚಿಪ್ಪು ಇಂದು ಒಂದು ಡಾಲರಿಗೂ ಕಡಿಮೆಗೆ ಸಿಗುತ್ತದೆ. ಪ್ರತಿಧ್ವನಿಯ ಪೆಡಲಿಗೆ ಒಂದು ಕಾಲದಲ್ಲಿ ದುಬಾರಿ ಚಿಪ್ಪುಗಳ ಸಾಲೇ ಬೇಕಿತ್ತು. ಪಿಟಿ2399 ಎಂಬ ಒಂದೇ ಅಗ್ಗದ ಚಿಪ್ಪು ಅದನ್ನು ಸುಲಭವಾಗಿಸಿತು. ಲೆಸ್ ಪಾಲ್ ಟೇಪು ಯಂತ್ರಗಳನ್ನು ಜೋಡಿಸಿ ಹುಡುಕಾಡಿದ ಪ್ರತಿಧ್ವನಿ, 1970ರ ದಶಕದಲ್ಲಿ ಈವೆಂಟೈಡ್ ಕಂಪನಿ ಸ್ಟುಡಿಯೋಗಳಷ್ಟೇ ಕೊಳ್ಳಬಲ್ಲ ಬೆಲೆಗೆ ತಯಾರಿಸಿದ ಸ್ವರ ಬದಲಿಸುವ ಯಂತ್ರ, ಇವೆರಡರ ಮೊಮ್ಮಕ್ಕಳೂ ಇಂದು ಅಂಗೈಯಗಲದ ಡಬ್ಬಿಗಳಲ್ಲಿವೆ. ಬಿಡಿಭಾಗಗಳನ್ನು ಕೈಯಿಂದ ಬೆಸೆಯುವ ಬದಲು ಯಂತ್ರಗಳೇ ಹಲಗೆಯ ಮೇಲೆ ಕೂರಿಸುತ್ತವೆ.

ಆದ್ದರಿಂದ ಅಗ್ಗದ ಪೆಡಲಿನ ನಾದ ಬಹುಮಟ್ಟಿಗೆ ಕೀಳಲ್ಲ. ದುಬಾರಿ ಪೆಡಲಿನೊಳಗಿರುವ ತತ್ತ್ವವೇ ಅದರಲ್ಲಿಯೂ ಇದೆ. ತಯಾರಕರು ಹಣವನ್ನು ಉಳಿಸುವುದು ಹೆಚ್ಚಾಗಿ ಅಲುಗುವ, ಸವೆಯುವ ಭಾಗಗಳಲ್ಲಿ: ಕಾಲಿನಿಂದ ಒತ್ತುವ ಸ್ವಿಚ್ಚು, ತಂತಿ ಸಿಕ್ಕಿಸುವ ಜಾಕು, ತಿರುಗಿಸುವ ಗುಂಡಿ, ಹೊರಗಿನ ಪ್ಲಾಸ್ಟಿಕ್ ಕವಚ. ರಿಪೇರಿಗೆ ಒಪ್ಪದಂಥ ಜೋಡಣೆಯೂ ಸಾಮಾನ್ಯ. ದಿನವೂ ವೇದಿಕೆ ಹತ್ತುವ ವೃತ್ತಿಪರರಿಗೆ ಇವು ದೊಡ್ಡ ಕೊರತೆಗಳು. ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಅಭ್ಯಾಸ ಮಾಡುವ ಹದಿನಾಲ್ಕರ ಹುಡುಗಿಗೆ ಅಲ್ಲ.

ಹಾಗಾದರೆ ಕೊಳ್ಳೋಣವೇ?

ಕೊಳ್ಳಬಹುದು ಎಂಬುದು ನಮ್ಮ ಅಭಿಪ್ರಾಯ, ಆದರೆ ಕೆಲವು ವಿವೇಕಗಳೊಡನೆ. ಮೊದಲು ಶ್ರುತಿ ನೋಡುವ ಸಾಧನ ಮತ್ತು ಸಾಧಾರಣ ಧ್ವನಿವರ್ಧಕ ಇರಲಿ. ಅವಿಲ್ಲದೆ ಯಾವ ಪೆಡಲೂ ವ್ಯರ್ಥ. ನಾದವನ್ನು ಒರಟುಗೊಳಿಸುವ ಪೆಡಲುಗಳಲ್ಲಿ ಮತ್ತು ಪ್ರತಿಧ್ವನಿಯ ಪೆಡಲುಗಳಲ್ಲಿ ಅಗ್ಗದವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಪಾದದಿಂದ ಸದಾ ತೂಗುವ ವಾ-ವಾ ಪೆಡಲಿನಲ್ಲಿ ಯಾಂತ್ರಿಕ ಸವೆತ ಹೆಚ್ಚು. ಅಲ್ಲಿ ಸ್ವಲ್ಪ ಹೆಚ್ಚು ಹಣ ಕೊಟ್ಟು ಗಟ್ಟಿಮುಟ್ಟಾದದ್ದನ್ನು, ಇಲ್ಲವೇ ಉತ್ತಮ ಕಂಪನಿಯ ಬಳಸಿದ ಪೆಡಲನ್ನು ಕೊಳ್ಳುವುದು ಮೇಲು. ಉಳಿತಾಯ ಮಾಡಬಾರದ ಜಾಗ ವಿದ್ಯುತ್ ಪೂರೈಕೆ. ಬಹುತೇಕ ಪೆಡಲುಗಳಿಗೆ 9 ವೋಲ್ಟ್ ಬೇಕು, ಪಿನ್ನಿನ ನಡುಭಾಗ ಋಣಧ್ರುವವಾಗಿರಬೇಕು. ಡಬ್ಬಿಯ ಮೇಲೆ ಬರೆದದ್ದನ್ನು ಓದದೆ ಮನೆಯಲ್ಲಿರುವ ಯಾವುದೋ ಅಡಾಪ್ಟರನ್ನು ಸಿಕ್ಕಿಸಿದರೆ ಪೆಡಲ್ ಸುಟ್ಟುಹೋಗಬಹುದು. ಹಲವು ಪೆಡಲುಗಳನ್ನು ಒಂದೇ ಅಗ್ಗದ ತಂತಿಯಿಂದ ನಡೆಸಿದಾಗ ಕೇಳಿಬರುವ ಗುಂಯ್‌ಗುಡುವಿಕೆಗೆ ಜನರು ಪೆಡಲನ್ನು ದೂರುತ್ತಾರೆ; ತಪ್ಪು ಸಾಮಾನ್ಯವಾಗಿ ಅಡಾಪ್ಟರಿನದು.

ಎಲ್ಲಕ್ಕಿಂತ ಮುಖ್ಯವಾಗಿ, ಒಂದನ್ನೇ ಕೊಳ್ಳಿ. ಅಗ್ಗದ ನಿಜವಾದ ಅಪಾಯ ಅದು ಬೇಗ ಕೆಡುವುದಲ್ಲ, ಆರು ಪೆಟ್ಟಿಗೆಗಳನ್ನು ಒಟ್ಟಿಗೆ ಕೊಳ್ಳಲು ಪ್ರೇರೇಪಿಸುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನುಡಿಸಲು ಬೇಸರವಾದಾಗಲೆಲ್ಲ ಹೊಸ ಪೆಡಲ್ ಕೊಳ್ಳುವವರ ಕಥೆಯೂ ಅದೇ. ಒಂದು ಪೆಡಲಿನೊಡನೆ ಒಂದು ವರ್ಷ ಕಳೆದ ಮಗು, ಗಿಟಾರಿನ ದನಿಗುಂಡಿಯನ್ನು ತುಸು ಇಳಿಸಿದರೆ ಒರಟುತನ ಹೇಗೆ ಕರಗುತ್ತದೆ, ಬೆರಳಿನ ಒತ್ತಡಕ್ಕೆ ಪೆಟ್ಟಿಗೆ ಹೇಗೆ ಉತ್ತರಿಸುತ್ತದೆ ಎಂಬುದನ್ನು ಕಂಡುಕೊಳ್ಳುತ್ತದೆ. ತಂಬೂರಿಯ ಎಳೆಯನ್ನು ಸರಿಸಿ ಸರಿಸಿ ಜೀವ ಹುಡುಕುವ ಶಿಸ್ತು ಅದೇ.

ಇನ್ನೊಂದು ಮಾತನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, ಅನಂತರ ಬಂದ ಸ್ವರಾತ್ಮದಂಥ ತಂಡಗಳು ಗಿಟಾರನ್ನು ನಮ್ಮ ನಾಡಿನ ವಾದ್ಯವಾಗಿಸಿವೆ. ರಘು ದೀಕ್ಷಿತ್ ಗಿಟಾರು ಹಿಡಿದು ಶಿಶುನಾಳ ಶರೀಫರ ತತ್ತ್ವಪದಗಳನ್ನು ದೇಶವಿದೇಶಗಳ ವೇದಿಕೆಗಳಲ್ಲಿ ಹಾಡಿದಾಗ, ಕನ್ನಡ ಓದಲು ತಡವರಿಸುವ ನಮ್ಮ ಮಕ್ಕಳೂ ಆ ಪಲ್ಲವಿಗಳನ್ನು ತಪ್ಪಿಲ್ಲದೆ ಹಾಡಿದರು. ನಾವು ಭಾನುವಾರದ ಕನ್ನಡ ತರಗತಿಯಲ್ಲಿ ಎಷ್ಟೋ ಶ್ರಮದಿಂದ ದಾಟಿಸಲೆತ್ನಿಸುವ ನುಡಿಯನ್ನು ಅವರು ತಾವಾಗಿಯೇ ಎತ್ತಿಕೊಳ್ಳುವ ಇಂಥ ದಾರಿಗಳು ಹೆಚ್ಚಿಲ್ಲ. ಆ ದಾರಿಯಲ್ಲಿ ಒಂದು ಪೆಡಲ್ ಬೇಕೆಂದು ಮಗು ಕೇಳಿದರೆ, 300 ಡಾಲರಿಗೆ ಹೆದರಿ ಬೇಡವೆನ್ನುವುದಕ್ಕಿಂತ 30 ಡಾಲರಿಗೆ ಒಪ್ಪುವುದು ಲೇಸು. ಕೊಟ್ಟ ಮೇಲೆ ಅದರಿಂದ ಏನು ನುಡಿಸಿದೆ ಎಂದು ಕೇಳುವುದು, ಕೂತು ಕೇಳಿಸಿಕೊಳ್ಳುವುದು ಹೆತ್ತವರ ಪಾಲಿನ ಕೆಲಸ.

ನಮ್ಮ ರಾಜ್ಯೋತ್ಸವ ಕಾರ್ಯಕ್ರಮಗಳ ವೇದಿಕೆ ಪಿಟೀಲಿಗೂ ತಬಲಕ್ಕೂ ತೆರೆದಿರುವಂತೆ ಈ ಪೆಟ್ಟಿಗೆಗಳಿಗೂ ತೆರೆದಿರಲಿ. ಬಳಸದೆ ಕಪಾಟಿನಲ್ಲಿಟ್ಟ ಪೆಡಲುಗಳು ಸದಸ್ಯರ ಮನೆಗಳಲ್ಲಿದ್ದರೆ, ಹೊಸದಾಗಿ ಕಲಿಯುವ ಮಗುವಿಗೆ ಒಂದೆರಡು ತಿಂಗಳು ಎರವಲು ಕೊಡೋಣ. ನುಡಿಸಿ ನೋಡಿ ಕೊಳ್ಳುವ ಅಂಗಡಿಗಳು ಒಂದೊಂದಾಗಿ ಮುಚ್ಚಿದ ಈ ಕಾಲದಲ್ಲಿ, ಆ ಅಂಗಡಿಯ ಕೆಲಸವನ್ನು ನೆರೆಹೊರೆಯವರಾದ ನಾವೇ ಸ್ವಲ್ಪಮಟ್ಟಿಗೆ ಮಾಡಬಹುದು.